ಪುಟ್ಟೀ, ರಿಪೋರ್ಟಿನ ಆ ಒಂದು ಅಕ್ಷರ ನೋಡಿದೆಯಾ?

ಪುಟ್ಟೀ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಮ್ಯಾಮೊಗ್ರಾಮ್, ಅದೇ ಸ್ತನದ ಎಕ್ಸ್‌ರೇ ರಿಪೋರ್ಟ್ ನೋಡಿದೆ. "ಎಲ್ಲ ನಾರ್ಮಲ್ ದೊಡ್ಡಮ್ಮ" ಅಂತ ಬರೆದಿದ್ದೀಯ, ಸಂತೋಷ ಆಯಿತು. ಆದರೆ ಡೆನ್ಸಿಟಿ, ಅಂದರೆ ಎದೆ ಎಷ್ಟು ದಟ್ಟ, ಅಂತ ಇರುವ ಕಡೆ 'ಸಿ' ಇದೆ.

ನನ್ನ ರಿಪೋರ್ಟಿನಲ್ಲೂ ಅದೇ ಸಿ ಇತ್ತು. ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ, ಫೈಲಿಗೆ ಹಾಕಿ ಕಪಾಟಿನಲ್ಲಿಟ್ಟೆ. ಎಂಟು ತಿಂಗಳ ಮೇಲೆ ಸ್ನಾನ ಮಾಡುವಾಗ ಕೈಗೆ ಗಂಟು ಸಿಕ್ಕಿತು. ಆಮೇಲಿನದ್ದು ನಿನಗೆ ಗೊತ್ತು, ಆಪರೇಷನ್ ದಿನ ಜೊತೆಗಿದ್ದವಳು ನೀನೇ ಅಲ್ವಾ.

ಎದೆಯಲ್ಲಿ ಕೊಬ್ಬು ಎಷ್ಟು, ಹಾಲಿನ ಗ್ರಂಥಿ ಮತ್ತು ನಾರಿನಂಥ ಭಾಗ ಎಷ್ಟು ಅಂತ ನೋಡಿ ಎ, ಬಿ, ಸಿ, ಡಿ ಬರೆಯುತ್ತಾರೆ. ಎ ಅಂದರೆ ಬಹುಪಾಲು ಕೊಬ್ಬು, ಡಿ ಅಂದರೆ ತುಂಬಾ ದಟ್ಟ. ಕೈಯಲ್ಲಿ ಮುಟ್ಟಿದರೆ ಇದು ಗೊತ್ತಾಗುವುದಿಲ್ಲ. ಫಿಲ್ಮಿನಲ್ಲಿ ಕೊಬ್ಬು ಕಪ್ಪಗೆ ಕಾಣುತ್ತದೆ, ದಟ್ಟ ಭಾಗ ಬೆಳ್ಳಗೆ, ಗಡ್ಡೆಯೂ ಬೆಳ್ಳಗೆ. ಕುಚ್ಚಲಕ್ಕಿ ಆರಿಸುವಾಗ ಬಿಳಿ ಕಲ್ಲು ತಟ್ಟನೆ ಕಣ್ಣಿಗೆ ಬೀಳುತ್ತದೆ, ಬೆಳ್ತಿಗೆ ಅಕ್ಕಿಯಲ್ಲಿ ಅದೇ ಕಲ್ಲು ಅಡಗಿ ಕೂತುಬಿಡುತ್ತದೆ, ಹಾಗೆಯೇ ಇದು. ಅದರ ಮೇಲೆ, ದಟ್ಟ ಇದ್ದವರಿಗೆ ಕ್ಯಾನ್ಸರ್ ಬರುವ ಸಂಭವವೂ ಸ್ವಲ್ಪ ಜಾಸ್ತಿ.

ಹೆದರಬೇಡ ಮಾರಾಯ್ತಿ, ಸಿ ಅಂದರೆ ಕಾಯಿಲೆ ಅಲ್ಲ. ಅಮೆರಿಕದಲ್ಲಿ 40 ದಾಟಿದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧ ಮಂದಿ ಸಿ ಇಲ್ಲವೇ ಡಿ. ಅಲ್ಲಿ 2024ರ ಸೆಪ್ಟೆಂಬರಿನಿಂದ ಇದನ್ನು ಪ್ರತಿಯೊಬ್ಬ ಹೆಂಗಸಿಗೂ ಬರೆದು ತಿಳಿಸಲೇಬೇಕು. ಇಲ್ಲಿ ನಾವೇ ಬಾಯಿಬಿಟ್ಟು ಕೇಳಬೇಕು. ನೆದರ್ಲೆಂಡ್ಸಿನಲ್ಲಿ ಡಿ ಇದ್ದವರಲ್ಲಿ ಕೆಲವರನ್ನು ಎಂಆರ್‌ಐಗೂ ಕರೆದರು. ಎರಡು ತಪಾಸಣೆಗಳ ನಡುವೆ ಹೊರಬೀಳುವ ಕ್ಯಾನ್ಸರ್ ಉಳಿದವರಲ್ಲಿ ಸಾವಿರಕ್ಕೆ 5, ಕರೆದವರಲ್ಲಿ 2.5 ಅಂತ 2019ರಲ್ಲಿ ಪ್ರಕಟವಾಯಿತು. ಆದರೆ ಎಂಆರ್‌ಐ ಸುಮ್ನೆ ಗಾಬರಿ ಹುಟ್ಟಿಸುವುದೂ ಉಂಟು, ಏನೂ ಇಲ್ಲದ ಕಡೆಯೂ ಸೂಜಿ ಚುಚ್ಚಿ ನೋಡಬೇಕಾಗುತ್ತದೆ. ಹಾಗಾಗಿ ಸಿಕ್ಕಿದ ಟೆಸ್ಟೆಲ್ಲ ಮಾಡಿಸಿಕೊ ಅಂತ ನಾನು ಹೇಳುವುದಿಲ್ಲ.

ಡಾಕ್ಟರ ಮುಂದೆ ಕೂತು ಕೇಳು, ನನಗೆ ಅಲ್ಟ್ರಾಸೌಂಡ್ ಬೇಕಾ, ಮುಂದಿನ ಮ್ಯಾಮೊಗ್ರಾಮ್ ಯಾವಾಗ ಅಂತ. ಅಮ್ಮನ ಅಕ್ಕನಿಗೆ ಆಗಿತ್ತು ಅಂತಲೂ ಹೇಳು, ಅದೂ ಲೆಕ್ಕಕ್ಕೆ ಬರುತ್ತದೆ. ನಡುವೆ ಗಂಟು ಸಿಕ್ಕಿದರೆ, ಚರ್ಮ ಒಳಗೆ ಎಳೆದ ಹಾಗಾದರೆ, ತೊಟ್ಟಿನಿಂದ ರಕ್ತ ಬಂದರೆ, ನಾರ್ಮಲ್ ರಿಪೋರ್ಟ್ ನಂಬಿ ಕೂರಬೇಡ.

ಗುರುವಾರ ನಾನು ಬೆಳಿಗ್ಗೆಯ ಎಕ್ಸ್‌ಪ್ರೆಸ್ ಬಸ್ಸಿಗೆ ಹೊರಟು ಮಂಗಳೂರಿನ ಲಾಲ್‌ಬಾಗಿನಲ್ಲಿ ಇಳಿಯುತ್ತೇನೆ. ಅಪಾಯಿಂಟ್‌ಮೆಂಟ್ ತೆಗೆದುಕೊಂಡಿರು, ಹಳೇ ಫಿಲ್ಮೂ ಇಟ್ಟುಕೊ.

ನಿನ್ನ ದೊಡ್ಡಮ್ಮ,
ಉಡುಪಿ