ಶಕ್ತಿಮಾನ್ ಲಾರಿಯ ಕ್ಯಾಬಿನ್‌ನಲ್ಲಿ ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಕೊಟ್ಟಿರುವ ಬಗ್ಗೆ ದೂರು

ಮ್ಯಾನೇಜರ್ ಅವರಿಗೆ,
ಪೀಣ್ಯ, ಬೆಂಗಳೂರು

ನಮಸ್ಕಾರ.

ಫೆಬ್ರವರಿಯಲ್ಲಿ ನನ್ನ ಶಕ್ತಿಮಾನ್ ಲಾರಿಯನ್ನು, ಅಂದರೆ ಹಳೇ ಮಿಲಿಟರಿ ಲಾರಿಯನ್ನು, ಕ್ಯಾಬಿನ್ ಕೆಲಸಕ್ಕೆ ನಿಮ್ಮ ವರ್ಕ್‌ಶಾಪಿನಲ್ಲಿ ಬಿಟ್ಟಿದ್ದೆ. ಮೇ ಕೊನೆಯಲ್ಲಿ ಬಿಡಿಸಿಕೊಂಡು ಬಂದೆ. ಒಟ್ಟು 1,85,000 ರೂಪಾಯಿ ಕೊಟ್ಟಿದ್ದೇನೆ, ಬಿಲ್ ನನ್ನ ಹತ್ತಿರ ಇದೆ. ಒಂದು ಮಳೆಗಾಲ ಕೂಡ ಕಳೆದಿಲ್ಲ, ಆಗಲೇ ತುಕ್ಕು ಹೊರಗೆ ಬಂದಿದೆ.

ಮೊನ್ನೆ ಭಾನುವಾರ ಡ್ರೈವರ್ ಸೀಟಿನ ಮುಂದಿನ ಮ್ಯಾಟ್ ಎತ್ತಿದೆ. ಕ್ಲಚ್ ಪೆಡಲ್ ಪಕ್ಕದಲ್ಲಿ ಪೇಂಟ್ ಹಪ್ಪಳದ ಹಾಗೆ ಉಬ್ಬಿತ್ತು. ಹೆಬ್ಬೆರಳಿನಿಂದ ಒತ್ತಿದೆ. ಒಡೆದು ಕಂದು ನೀರು ಬಂತು. ಸ್ಕ್ರೂಡ್ರೈವರ್ ತಂದು ಕೆರೆದರೆ ಮೊದಲು ಪೇಂಟ್, ಆಮೇಲೆ ಅರ್ಧ ಬೆರಳು ದಪ್ಪ ಪುಟ್ಟಿ, ಅದರ ಕೆಳಗೆ ಅದೇ ಹಳೇ ಕೊಳೆತ ತಗಡು. ಸ್ವಲ್ಪ ಒತ್ತಿದ್ದಕ್ಕೇ ಸ್ಕ್ರೂಡ್ರೈವರ್ ತೂರಿ ಹೋಗಿ, ತೂತಿನಲ್ಲಿ ಕೆಳಗಿನ ಮಣ್ಣು ಕಾಣಿಸಿತು. ಹಳೇ ಸ್ಪೀಕರ್‌ನ ಮ್ಯಾಗ್ನೆಟ್ ಹಿಡಿದೂ ನೋಡಿದೆ. ಎರಡೂ ಬಾಗಿಲುಗಳ ಕೆಳ ಅಂಚಿನಲ್ಲಿ, ವಿಂಡ್‌ಶೀಲ್ಡ್ ಫ್ರೇಮಿನ ಮೂಲೆಗಳಲ್ಲಿ ಅದು ಕಚ್ಚಲೇ ಇಲ್ಲ, ಅಂದರೆ ಅಲ್ಲೂ ದಪ್ಪ ಪುಟ್ಟಿಯೇ.

ಜಾಬ್ ಕಾರ್ಡ್‌ನಲ್ಲಿ ಏನು ಬರೆದುಕೊಂಡಿದ್ದಿರಿ ಒಮ್ಮೆ ನೋಡಿ. ಕೊಳೆತ ತಗಡು ಕತ್ತರಿಸಿ ತೆಗೆದು, 16 ಗೇಜ್ ದಪ್ಪದ ಹೊಸ ತಗಡು ವೆಲ್ಡ್ ಮಾಡುವುದು. ಬ್ಲಾಸ್ಟಿಂಗ್ (ರಭಸವಾಗಿ ಕಣಗಳನ್ನು ಹೊಡೆದು ತುಕ್ಕು, ಹಳೇ ಪೇಂಟ್ ತೆಗೆಯುವುದು) ಆದ ದಿನವೇ ಎಪಾಕ್ಸಿ ಪ್ರೈಮರ್, ಅಂದರೆ ತುಕ್ಕು ತಡೆಯುವ ಮೊದಲ ಕೋಟ್, ಹೊಡೆಯುವುದು. ಆ ದಿನವೇ ಆಗಬೇಕು ಅಂತ ನಾನು ಸುಮ್ನೆ ಹಟ ಮಾಡಿರಲಿಲ್ಲ. ಬರೀ ತಗಡಿಗೆ ಗಾಳಿಯ ತೇವ ಸೋಕಿದರೆ ಕೆಲವೇ ಗಂಟೆಗಳಲ್ಲಿ ತುಕ್ಕು ಶುರುವಾಗುತ್ತದೆ. ಮಾರ್ಚ್‌ನಲ್ಲಿ ನಾನು ಬಂದಾಗ ಕ್ಯಾಬಿನ್ ಪ್ರೈಮರ್ ಇಲ್ಲದೆ ಅಂಗಳದಲ್ಲಿ ಬಿದ್ದಿತ್ತು. ಕೈ ಇಟ್ಟರೆ ಕೆಂಪು ಪುಡಿ ಅಂಟಿತು. ಕೇಳಿದ್ದಕ್ಕೆ ನಿಮ್ಮ ಸೂಪರ್‌ವೈಸರ್, "ಪೇಂಟ್ ಹೊಡೆದ ಮೇಲೆ ಏನೂ ಕಾಣಲ್ಲ ಸಾರ್" ಅಂದರು. ಪುಟ್ಟಿ ನೀರು ಹೀರಿ ಒಳಗೇ ಹಿಡಿದಿಟ್ಟುಕೊಳ್ಳುತ್ತದೆ ಅಂತ ಈ ಕೆಲಸ ಮಾಡುವವರಿಗೆ ಗೊತ್ತಿರಲೇಬೇಕು, ಅಲ್ವಾ?

ಬಣ್ಣದ ವಿಷಯ ಇನ್ನೂ ಬೇಸರ ತಂದಿದೆ. ಆರ್‌ಸಿಯಲ್ಲಿ ಇರುವಂತೆ ಬೂದು ಬಣ್ಣ ಹೊಡೆಯಿರಿ ಎಂದು ಬರೆದುಕೊಟ್ಟಿದ್ದೆ. ನೀವು ಆಲಿವ್ ಗ್ರೀನ್ ಹೊಡೆದಿದ್ದೀರಿ, "ಮಿಲಿಟರಿ ಗಾಡಿ ಅಲ್ವಾ" ಅಂತ ಕಾರಣ ಕೊಟ್ಟಿರಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಆ ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ಈಗ ಲಾರಿ ರಸ್ತೆಗೆ ಇಳಿಸಿದರೆ ದಂಡ ಕಟ್ಟುವವನು ನಾನು.

ಇದು ಜರ್ಮನಿಯ ಮಾನ್ ಕಂಪನಿಯ ಲೈಸೆನ್ಸ್ ಮೇಲೆ ಜಬಲ್ಪುರದಲ್ಲಿ ತಯಾರಾದ ಗಾಡಿ. ತಯಾರಿಕೆ ನಿಂತು ಎಷ್ಟೋ ವರ್ಷವಾಗಿದೆ. ಕ್ಯಾಬಿನ್ ಹಾಳಾದರೆ ಅಂಗಡಿಯಲ್ಲಿ ಹೊಸದು ಸಿಗಲ್ಲ. ನಮ್ಮಪ್ಪ ಸೇನೆಯ ಎಎಸ್‌ಸಿಯಲ್ಲಿ (ಆರ್ಮಿ ಸರ್ವಿಸ್ ಕೋರ್, ಸಾಮಾನು ಸಾಗಿಸುವ ವಿಭಾಗ) ಡ್ರೈವರ್ ಆಗಿದ್ದವರು, ಇಂಥದ್ದೇ ಲಾರಿ ಓಡಿಸಿದವರು. ಅವರಿಗೆ ಈಗ 78 ವರ್ಷ. ಇನ್ನೊಂದು ಸಲ ಸ್ಟೇರಿಂಗ್ ಹಿಡಿಯಬೇಕು ಅನ್ನೋದು ಅವರ ಆಸೆ. ಅದಕ್ಕೆಂದೇ ಹರಾಜಿನಲ್ಲಿ ಕೊಂಡವರೊಬ್ಬರಿಂದ ಇದನ್ನು ತಂದೆ. ಅಪ್ಪ ಹತ್ತಿ ಕಾಲಿಡುವುದು ಆ ತೂತಿನ ಜಾಗಕ್ಕೇ. ಕಾಲು ಸಿಕ್ಕಿಕೊಂಡು ಬಿದ್ದರೆ ಏನು ಗತಿ?

ನನಗೆ ಹೊಳಪು ಬೇಡ, ಗಟ್ಟಿ ತಗಡು ಬೇಕು. ಪುಟ್ಟಿ ಪೂರ್ತಿ ಕೆರೆದು, ಕೊಳೆತ ಭಾಗ ಕತ್ತರಿಸಿ, ಜಾಬ್ ಕಾರ್ಡ್‌ನಲ್ಲಿ ಇರುವ ಹಾಗೆಯೇ ಕೆಲಸ ಮಾಡಿಕೊಡಿ. ಹೊಸ ತಗಡು ಕೂಡಿಸಿದ ಮೇಲೆ, ಪ್ರೈಮರ್ ಹೊಡೆಯುವ ಮೊದಲು ನನ್ನನ್ನು ಕರೆಯಿರಿ, ಕಣ್ಣಾರೆ ನೋಡುತ್ತೇನೆ. ಆಮೇಲೆ ಬೂದು ಬಣ್ಣ. ಇದಕ್ಕೆ ಇನ್ನೊಂದು ರೂಪಾಯಿ ಜಾಸ್ತಿ ಕೊಡುವುದಿಲ್ಲ. ನಿಮ್ಮಿಂದ ಆಗದಿದ್ದರೆ ಪೂರ್ತಿ ಹಣ ವಾಪಸ್ ಕೊಡಿ, ಬೇರೆ ಕಡೆ ಮಾಡಿಸಿಕೊಳ್ಳುತ್ತೇನೆ.

ಈ ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಕೊಡಿ. ಬರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ. ಜಾಬ್ ಕಾರ್ಡ್, ಬಿಲ್ ಪ್ರತಿ ಮತ್ತು ತೂತಿನ ಫೋಟೋಗಳನ್ನು ಜೊತೆಗೆ ಇಟ್ಟಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ
ಬಸವೇಶ್ವರನಗರ, ಬೆಂಗಳೂರು