ಕೋಡ್ ಬಲ್ಲವರು ಮೊದಲು ಮಲ್ಟಿಮೀಟರ್ ಹಿಡಿಯಲಿ

ಮಾನ್ಯ ಸಂಪಾದಕರೇ,

ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರ ಕಡೆಯ ಎಷ್ಟೋ ಯುವಕ ಯುವತಿಯರು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುತ್ತಿದ್ದಾರೆ. ಅವರಲ್ಲಿ ಎಲೆಕ್ಟ್ರಾನಿಕ್ಸ್ ಹವ್ಯಾಸ ಹಿಡಿಸಿಕೊಂಡವರು ಮೊದಲಿಗೇ ಬೋರ್‌ವೆಲ್ ಮೋಟಾರನ್ನು ಮೊಬೈಲ್‌ನಿಂದ ಓಡಿಸಲು ಹೊರಡುವುದು ಬೇಡ. ಅದು 230 ಇಲ್ಲವೇ 415 ವೋಲ್ಟಿನ ಕೆಲಸ, ಜೀವಕ್ಕೇ ಅಪಾಯ. ಅದರ ಬದಲು ರೇಷ್ಮೆ ಹುಳು ಸಾಕುವ ಮನೆಯ ಉಷ್ಣಾಂಶ, ತೇವಾಂಶ ಅಳೆಯುವ ಸಾಧನ ಮಾಡಲಿ. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 27–28 ಡಿಗ್ರಿ, ಶೇ 85ರಷ್ಟು ತೇವಾಂಶ ಬೇಕು. ನಾಲ್ಕನೇ ಜ್ವರ (ಹುಳು ಪೊರೆ ಕಳಚುವ ಹಂತ) ಎದ್ದ ಮೇಲೆ 24–25 ಡಿಗ್ರಿ, ಶೇ 70. ಸಾಧನ ತೋರಿಸಿದ್ದು ನಂಬುವಂತಿದೆಯೋ ಇಲ್ಲವೋ ಎಂದು ಹೇಳಬಲ್ಲವರು ರೇಷ್ಮೆ ಮನೆಗಳಲ್ಲೇ ಇದ್ದಾರೆ.

ಬೇಕಾದದ್ದು ಸ್ವಲ್ಪವೇ: ಒಂದು ಇಎಸ್‌ಪಿ32 ಬೋರ್ಡ್ (ವೈಫೈ ಇರುವ ಪುಟ್ಟ ಕಂಪ್ಯೂಟರ್), ಉಷ್ಣಾಂಶ, ತೇವಾಂಶ ಅಳೆಯುವ ಒಂದು ಡಿಎಚ್‌ಟಿ22 ಸಂವೇದಕ, ಬೆಸುಗೆಯಿಲ್ಲದೆ ತಂತಿ ಸಿಕ್ಕಿಸುವ ಬ್ರೆಡ್‌ಬೋರ್ಡ್, ಜಂಪರ್ ತಂತಿ, 330 ಓಮ್ ಮತ್ತು 10 ಕಿಲೋಓಮ್ ರೆಸಿಸ್ಟರ್, ಒಂದು ಕೆಂಪು ಎಲ್‌ಇಡಿ, 100 ಮೈಕ್ರೋಫ್ಯಾರಡ್ ಕೆಪಾಸಿಟರ್, ವೋಲ್ಟ್, ಕರೆಂಟ್ ಅಳೆಯುವ ಸಾಧಾರಣ ಮಲ್ಟಿಮೀಟರ್. ಎಲ್ಲವೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಬೆಸುಗೆ ಕಡ್ಡಿ ಆಮೇಲೆ ಕೊಂಡರಾಯಿತು.

ಮೊದಲು ಎಲ್‌ಇಡಿ ಉರಿಸಿ, ಲೆಕ್ಕ ಹಾಕಿ. ಬೋರ್ಡಿನ ಪಿನ್ ಕೊಡುವುದು 3.3 ವೋಲ್ಟ್, ಕೆಂಪು ಎಲ್‌ಇಡಿ ನುಂಗುವುದು ಸುಮಾರು 2. ಉಳಿದ 1.3 ವೋಲ್ಟನ್ನು 330 ಓಮ್‌ನಿಂದ ಭಾಗಿಸಿದರೆ 4 ಮಿಲಿಆಂಪ್. ತಂತಿಯ ನಡುವೆ ಮೀಟರ್ ಸೇರಿಸಿ ಅದೇ ಬರುತ್ತದೆಯೇ ನೋಡಿ. ಕರೆಂಟ್ ಅಳೆದ ಮೇಲೆ ಕೆಂಪು ತಂತಿಯನ್ನು ಆಂಪ್ ತೂತಿನಲ್ಲೇ ಮರೆತು ವೋಲ್ಟ್ ಅಳೆಯಹೋದರೆ ಶಾರ್ಟ್ ಆಗುತ್ತದೆ.

ಸಂವೇದಕಕ್ಕೆ 3.3 ವೋಲ್ಟನ್ನೇ ಕೊಡಿ. ನಾಲ್ಕು ಕಾಲಿನ ಬಿಡಿ ಡಿಎಚ್‌ಟಿ22 ಆದರೆ ಮೂರನೇ ಕಾಲು ಖಾಲಿ; ಎರಡನೆಯದು ಡೇಟಾ, ಅದಕ್ಕೂ 3.3 ವೋಲ್ಟಿಗೂ ನಡುವೆ 10 ಕಿಲೋಓಮ್. ಈ ರೆಸಿಸ್ಟರನ್ನು 5 ವೋಲ್ಟಿಗೆ ಕಟ್ಟಿದರೆ ಇಎಸ್‌ಪಿ32 ಪಿನ್ ಹಾಳಾಗಬಹುದು. ಎರಡು ಸೆಕೆಂಡಿಗಿಂತ ಬೇಗ ಬೇಗ ಓದಬೇಡಿ. ಬಟನ್ ಸೇರಿಸುವುದಾದರೆ 34ರಿಂದ 39ರವರೆಗಿನ ಪಿನ್‌ಗಳಿಗೆ ಒಳಗಿನ ಪುಲ್‌ಅಪ್ (ಬಟನ್ ಒತ್ತದಿದ್ದಾಗ ಪಿನ್ನನ್ನು 3.3 ವೋಲ್ಟಿನಲ್ಲಿ ಹಿಡಿದಿಡುವ ರೆಸಿಸ್ಟರ್) ಇಲ್ಲ. ಕೋಡಿನಲ್ಲಿ ಬರೆದರೂ ಕೆಲಸ ಮಾಡದು.

ಪ್ರೋಗ್ರಾಮರ್‌ಗಳು ಹೆಚ್ಚು ಹೊತ್ತು ಕಳೆದುಕೊಳ್ಳುವುದು ಇಂಥಲ್ಲೇ. ವೈಫೈ ಆನ್ ಆದ ಕೂಡಲೇ ಬೋರ್ಡ್ ಮತ್ತೆ ಮತ್ತೆ ರೀಸೆಟ್ ಆಗುತ್ತದೆ, ಪರದೆಯ ಮೇಲೆ ಬ್ರೌನ್‌ಔಟ್ (ವೋಲ್ಟ್ ಸಾಲದು) ಎಂಬ ಸಂದೇಶ. ರಾತ್ರಿಯಿಡೀ ಕೋಡ್ ತಿದ್ದುತ್ತಾರೆ. ತಪ್ಪು ಹೆಚ್ಚಾಗಿ ಇರುವುದು ಬೋರ್ಡಿಗೆ ವಿದ್ಯುತ್ ತರುವ ಯುಎಸ್‌ಬಿ ಕೇಬಲ್‌ನಲ್ಲಿ. ವೈಫೈ ಆ ಕ್ಷಣಕ್ಕೆ ನೂರಾರು ಮಿಲಿಆಂಪ್ ಎಳೆಯುತ್ತದೆ, ತೆಳು ತಂತಿಯಲ್ಲಿ ವೋಲ್ಟ್ ಕುಸಿಯುತ್ತದೆ. ಗಿಡ್ಡ, ದಪ್ಪ ಕೇಬಲ್ ಹಾಕಿ, 100 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಬೋರ್ಡಿನ ಪಕ್ಕದಲ್ಲೇ 3.3 ವೋಲ್ಟಿಗೂ ಗ್ರೌಂಡಿಗೂ ನಡುವೆ ಕೂರಿಸಿ. ಪಟ್ಟೆ ಇರುವ ಕಾಲು ಗ್ರೌಂಡಿಗೆ. ಉದ್ದನೆಯ ಬ್ರೆಡ್‌ಬೋರ್ಡುಗಳಲ್ಲಿ ಅಂಚಿನ ವಿದ್ಯುತ್ ಸಾಲು ಕೆಲವೊಮ್ಮೆ ನಡುವೆ ತುಂಡಾಗಿರುತ್ತದೆ, ಮೀಟರಿನ ಬೀಪ್‌ನಿಂದ ಪರೀಕ್ಷಿಸಿಕೊಳ್ಳಿ.

ಸಂವೇದಕ ಬೋರ್ಡಿನಿಂದ ಎರಡು ಮೂರು ಅಡಿ ದೂರವಿರಲಿ. ಬೋರ್ಡಿನ ಬಿಸಿಯೇ ಅಂಕಿಯನ್ನು ಏರಿಸುತ್ತದೆ. ತಟ್ಟೆಗಳಿಗೆ ಸುಣ್ಣ ಉದುರಿಸುವಾಗ ಮುಚ್ಚಿಡಿ. ಬೆಳೆ ಮುಗಿದು ಫಾರ್ಮಲಿನ್ ಇಲ್ಲವೇ ಬ್ಲೀಚಿಂಗ್ ಪುಡಿಯಿಂದ ಮನೆ ಶುದ್ಧಿ ಮಾಡುವ ಮುಂಚೆ ಬಿಚ್ಚಿ ಹೊರಗಿಡಲೇಬೇಕು. ಆ ಹಬೆ ತೇವಾಂಶ ಅಳೆಯುವ ಪದರವನ್ನು ಕೆಡಿಸುತ್ತದೆ. ಆಮೇಲೆ ಅಂಕಿ ಬರುತ್ತಲೇ ಇರುತ್ತದೆ, ಆದರೆ ಸುಳ್ಳು ಅಂಕಿ.

ಜಿಲ್ಲೆಯ ಎಂಜಿನಿಯರಿಂಗ್, ಪಾಲಿಟೆಕ್ನಿಕ್ ಕಾಲೇಜುಗಳಲ್ಲಿ ಒಂದು ಕೋರಿಕೆ. ಕ್ಷಣಾರ್ಧದ ವೋಲ್ಟ್ ಕುಸಿತ ಮಲ್ಟಿಮೀಟರಿಗೆ ಕಾಣುವುದಿಲ್ಲ, ವೋಲ್ಟಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಬೇಕು. ಹವ್ಯಾಸಿಗೆ ಅದು ದುಬಾರಿ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಲ್ಯಾಬ್ ತೆರೆದು, ಒಬ್ಬ ಬೋಧಕರ ಉಸ್ತುವಾರಿಯಲ್ಲಿ ಹೊರಗಿನವರೂ ತಮ್ಮ ಬೋರ್ಡ್ ತಂದು ಪರೀಕ್ಷಿಸಲು ಅವಕಾಶ ಕೊಡಲಿ.

– ಒಬ್ಬ ಓದುಗ, ಶಿಡ್ಲಘಟ್ಟ