ಚಂದ್ರನಿಗೆ ಹೋದ ಚಾಂಗ್-ಇ: ನಾಲ್ಕನೇ ತರಗತಿಯ ಪೋಷಕರಿಗೆ

ಪ್ರಿಯ ಪೋಷಕರೇ,

ನಮಸ್ಕಾರ. ಈ ವಾರ ಮಕ್ಕಳು ಮನೆಗೆ ಬಂದು "ಚಾಂಗ್-ಇ ಮದ್ದು ಕದ್ದಿದ್ದು ತಪ್ಪಲ್ವಾ?" ಎಂದು ನಿಮ್ಮನ್ನು ಕೇಳಿರಬಹುದು. ಕಥೆ ಹೇಳಿದವಳು ನಾನೇ. ಚಾಂಗ್-ಇ ಚೀನಾದವರ ಚಂದ್ರದೇವಿ.

ಒಮ್ಮೆ ಆಕಾಶದಲ್ಲಿ ಹತ್ತು ಸೂರ್ಯರು ಒಟ್ಟಿಗೆ ಬಂದರಂತೆ. ಬೆಳೆಯೆಲ್ಲ ಸುಟ್ಟುಹೋಯಿತು. ಬಿಲ್ಲುಗಾರ ಹೌ ಯಿ ಒಂಬತ್ತು ಸೂರ್ಯರನ್ನು ಹೊಡೆದು ಉರುಳಿಸಿದ. ಅವನಿಗೆ ಪಶ್ಚಿಮದ ರಾಣಿತಾಯಿ ಎಂಬ ದೇವತೆ ಸಾವು ಬಾರದ ಮದ್ದು ಕೊಟ್ಟಳು. ಅದನ್ನು ಕುಡಿದದ್ದು ಮಾತ್ರ ಅವನ ಹೆಂಡತಿ ಚಾಂಗ್-ಇ. ಮೈ ಹಗುರಾಗಿ, ತೇಲುತ್ತಾ ತೇಲುತ್ತಾ ಚಂದ್ರನಿಗೇ ಹೋಗಿಬಿಟ್ಟಳು.

ಹಳೆಯ ಕಥೆಯಲ್ಲಿ ಅವಳು ಕದ್ದೇ ಕುಡಿಯುತ್ತಾಳೆ. ಇನ್ನೊಂದರಲ್ಲಿ, ಗಂಡ ಮನೆಯಲ್ಲಿ ಇಲ್ಲದಾಗ ಅವನ ಶಿಷ್ಯನೊಬ್ಬ ಮದ್ದು ಕಿತ್ತುಕೊಳ್ಳಲು ನುಗ್ಗುತ್ತಾನೆ. ಅವನ ಕೈಗೆ ಸಿಗಬಾರದೆಂದು ಅವಳೇ ನುಂಗುತ್ತಾಳೆ. ನಾನು ಎರಡನ್ನೂ ಹೇಳಿದೆ. ತರಗತಿ ಎರಡು ಪಾಲಾಗಿ ಜೋರು ಜಗಳ! ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು: "ಮಿಸ್, ಅಲ್ಲಿ ಅವಳ ಜೊತೆ ಮಾತಾಡೋಕೆ ಯಾರಿದ್ದಾರೆ?" ಎಲ್ಲರೂ ಸುಮ್ಮನಾದರು. ಒರಳಲ್ಲಿ ಮದ್ದು ಕುಟ್ಟುವ ಒಂದು ಮೊಲ ಇದೆ ಎಂದೆ. ಅವಳಿಗೆ ಅದು ಸಾಕಾದಂತೆ ಕಾಣಲಿಲ್ಲ.

ಚೀನಾದ ದೇವರ ಕಥೆ ನಮ್ಮ ಮಕ್ಕಳಿಗೆ ಯಾಕೆ ಎಂದು ಒಬ್ಬರು ಕೇಳಿದ್ದೀರಿ. ಆ ಮೊಲ ನಮ್ಮದೂ ಹೌದು. ಶಶ ಎಂದರೆ ಮೊಲ. ಶಶಿ, ಶಶಾಂಕ ಎಂಬ ಹೆಸರುಗಳು ಬಂದದ್ದೇ ಅದರಿಂದ. ಚಂದ್ರನ ಅದೇ ಕಪ್ಪು ಕಲೆಗಳಲ್ಲಿ ಅವರೂ ಮೊಲ ಕಂಡರು, ನಾವೂ ಕಂಡೆವು. ನನಗಂತೂ ಇದನ್ನು ಹೇಳುವಾಗ ಈಗಲೂ ಮೈ ಜುಮ್ಮೆನ್ನುತ್ತದೆ. ಚೀನಾ ತನ್ನ ಚಂದ್ರನೌಕೆಗಳಿಗೂ ಅವಳದೇ ಹೆಸರಿಟ್ಟಿದೆ. 2019ರ ಜನವರಿಯಲ್ಲಿ ಚಂದ್ರನ ಆಚೆ ಬದಿಗೆ ಮೊದಲ ಬಾರಿ ಇಳಿದದ್ದು ಚಾಂಗ್-ಇ 4. 2024ರಲ್ಲಿ ಚಾಂಗ್-ಇ 6 ಆ ಬದಿಯಿಂದ ಎರಡು ಕಿಲೋಗೆ ಸ್ವಲ್ಪ ಕಡಿಮೆ ಮಣ್ಣು ತಂದಿತು.

ಚೀನಾದವರ ಪಂಚಾಂಗದ ಎಂಟನೇ ತಿಂಗಳ ಹುಣ್ಣಿಮೆಗೆ ಅವಳ ಹಬ್ಬ. ಹೆಚ್ಚಾಗಿ ಅದು ನಮ್ಮ ಭಾದ್ರಪದ ಹುಣ್ಣಿಮೆಯ ಹೊತ್ತಿಗೇ ಬರುತ್ತದೆ. ಮನೆಯವರೆಲ್ಲ ಸೇರಿ, ತಾವರೆ ಬೀಜದ ಹೂರಣ ತುಂಬಿದ ದುಂಡನೆಯ ತಿಂಡಿ ಹಂಚಿ ತಿಂದು ಚಂದ್ರನನ್ನು ನೋಡುತ್ತಾರೆ.

ಈ ಭಾನುವಾರ ಹುಣ್ಣಿಮೆ. ದಯವಿಟ್ಟು ಮಕ್ಕಳ ಜೊತೆ ಹತ್ತು ನಿಮಿಷ ಮಹಡಿಗೆ ಹೋಗಿ. ಮೊಲ ಎಲ್ಲಿದೆ ಎಂದು ಅವರೇ ನಿಮಗೆ ತೋರಿಸಲಿ. ಕದ್ದಳೋ ಇಲ್ಲವೋ ಎಂಬುದನ್ನು ನೀವು ತೀರ್ಮಾನ ಮಾಡಬೇಡಿ, ಅವರನ್ನೇ ಕೇಳಿ. ಅಜ್ಜಿ ತಾತಂದಿರಿಗೆ ಚಂದ್ರನ ಕಥೆ ಗೊತ್ತಿದ್ದರೆ ನಾಲ್ಕು ಸಾಲು ಬರೆಸಿ ಸೋಮವಾರ ಕಳಿಸಿ. ಮೋಡ ಇದ್ದರೆ ಮಂಗಳವಾರ ಕಳಿಸಿದರೂ ಸಾಕು.

ಇಂತಿ,
ಮುಖ್ಯ ಶಿಕ್ಷಕಿ